ಎಲೆ ಪೂರ್ತಿ ಕರಗಿದರೂ ಬಿಸಾಡಬೇಡಿ: ಕ್ರಿಪ್ಟೊಕೊರೈನ್ ವೆಂಡ್ಟಿ ಬ್ರೌನ್, ಎಂಟು ತಿಂಗಳ ನಂತರ

ಕಳೆದ ಶ್ರಾವಣದಲ್ಲಿ ಮೀನಿನ ಟ್ಯಾಂಕಿಗೆ ಅಂತ ತಂದ ಗಿಡ ಇದು. ಪುಟ್ಟ ಪ್ಲಾಸ್ಟಿಕ್ ಕುಂಡಕ್ಕೆ 180 ರೂಪಾಯಿ ಕೊಟ್ಟೆ. ಒಂಬತ್ತು ದಿನಕ್ಕೆ ಒಂದೂ ಎಲೆ ಉಳಿಯಲಿಲ್ಲ. ಅವತ್ತೇ ರಿವ್ಯೂ ಬರೆದಿದ್ದರೆ ಒಂದು ಸ್ಟಾರ್ ಕೊಡೋದೂ ಕಷ್ಟವಿತ್ತು. ಈಗ ಐದಕ್ಕೆ ನಾಲ್ಕೂವರೆ ಕೊಡುತ್ತಿದ್ದೇನೆ.

ನಮ್ಮದು ಎರಡಡಿ ಟ್ಯಾಂಕ್. 24 ಇಂಚು ಉದ್ದ, 12 ಅಗಲ, 15 ಎತ್ತರ, ಜಲ್ಲಿ ಕಳೆದು ಸುಮಾರು 60 ಲೀಟರ್ ನೀರು ಹಿಡಿಯುತ್ತದೆ. ಟಿವಿ ಪಕ್ಕದ ಮೂಲೆಯಲ್ಲಿದೆ, ಕಿಟಕಿ ಬೆಳಕು ಬೀಳೋದಿಲ್ಲ. ಮೇಲೊಂದು ಸಾಧಾರಣ ಎಲ್‌ಇಡಿ, ದಿನಕ್ಕೆ ಆರು ಗಂಟೆ. ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಡೋ ಸಿಲಿಂಡರ್ ಗಿಲಿಂಡರ್ ಏನೂ ಇಲ್ಲ. ಹಿಂದುಗಡೆ ವ್ಯಾಲಿಸ್ನೇರಿಯಾ ಅನ್ನೋ ರಿಬ್ಬನ್‌ನಂಥ ಎಲೆಯ ನೀರಿನ ಗಿಡ ಉದ್ದಕ್ಕೆ ಬೆಳೆದಿತ್ತು, ಮುಂದೆ ಬರೀ ಜಲ್ಲಿ, ನಡುವೆ ಬೋಳು. ಅಲ್ಲಿಗೆ ಒಂದು ಗೇಣು ಎತ್ತರದ, ಬೆಳಕು ಜಾಸ್ತಿ ಕೇಳದ ಗಿಡ ಬೇಕಿತ್ತು. ಇದಕ್ಕೂ ಮೊದಲು ಒಂದು ಅಂಗಡಿಯವರು (ಹೆಸರು ಬೇಡ) ಬಿಳಿ ಅಂಚಿನ ಎಲೆಯ ಗಿಡ ಕೊಟ್ಟು "ನೀರಿನ ಗಿಡಾನೇ ಸಾರ್" ಅಂದಿದ್ದರು. ಅದು ಲಕ್ಕಿ ಬ್ಯಾಂಬೂ ಜಾತಿಯದು. ಬೇರು ನೀರಲ್ಲಿರಬಹುದು, ಎಲೆ ಮುಳುಗಿಸಿದರೆ ಕೊಳೆಯುತ್ತದೆ. ಕೊಳೆಯಿತು.

ಕ್ರಿಪ್ಟ್ (ಕ್ರಿಪ್ಟೊಕೊರೈನ್‌ಗೆ ಚಿಕ್ಕ ಹೆಸರು) ಹಾಗಲ್ಲ, ನಿಜವಾಗಿ ನೀರಿನದೇ. ಶ್ರೀಲಂಕಾದ ಹಳ್ಳಕೊಳ್ಳಗಳಲ್ಲಿ, ಮರದ ನೆರಳಲ್ಲಿ ಬೆಳೆಯೋದು. ಕಡಿಮೆ ಬೆಳಕಿಗೆ ಬಗ್ಗೋದು ಅದಕ್ಕೇ. 1958ರಲ್ಲಿ ಡಿ ವಿಟ್ ಅನ್ನೋ ಡಚ್ ಸಸ್ಯಶಾಸ್ತ್ರಜ್ಞ ಹೆಸರಿಟ್ಟದ್ದು. ಇದರ ದಾಯಾದಿಗಳು ನಮ್ಮ ಪಶ್ಚಿಮಘಟ್ಟದ ಹೊಳೆಗಳಲ್ಲೂ ಇವೆ. ಮತ್ತೆ, ಇದು ಕೆಸುವಿನ ಕುಟುಂಬದ್ದು. ಅಮ್ಮನಿಗೆ ಅದನ್ನು ಹೇಳಿದ್ದೇ ತಪ್ಪಾಯಿತು, "ಹಾಗಾದ್ರೆ ಪತ್ರೊಡೆ ಯಾವಾಗ?" ಅಂತ ಇವತ್ತಿಗೂ ಕೇಳುತ್ತಾರೆ.

ಈಗ ಕರಗೋ ವಿಷಯ. ಐದನೇ ದಿನ ನೋಡಿದರೆ ಎಲೆಯ ತೊಟ್ಟು ಗಾಜಿನ ಹಾಗೆ ಪಾರದರ್ಶಕವಾಗಿತ್ತು. ಚಿಮಟದಲ್ಲಿ ಮುಟ್ಟಿದೆ, ಬೆಂದ ಬಸಳೆ ಹಾಗೆ ಲೋಳೆಯಾಗಿ ಕೈಗೇ ಬಂತು. ರೋಗ ಅಂದುಕೊಂಡೆ. ಅಲ್ಲ. ನರ್ಸರಿಗಳಲ್ಲಿ ಈ ಗಿಡವನ್ನು ಸಾಮಾನ್ಯವಾಗಿ ಬೇರು ಮಾತ್ರ ಒದ್ದೆ ಇರುವಂತೆ, ಎಲೆ ಗಾಳಿಯಲ್ಲಿರುವಂತೆ ಬೆಳೆಸುತ್ತಾರೆ, ಆ ಎಲೆಗೆ ನೀರೊಳಗೆ ಬದುಕಿ ಅಭ್ಯಾಸ ಇರೋದಿಲ್ಲ, ಹಾಗಾಗಿ ಗಿಡ ಹಳೆಯದನ್ನೆಲ್ಲ ಉದುರಿಸಿ ನೀರಿಗೆ ಹೊಂದುವ ಹೊಸ ಎಲೆ ಹೊರಡಿಸುತ್ತದೆ. ಜಾಗ ಬದಲಿಸಿದರೆ, ನೀರು ಒಮ್ಮೆಲೇ ಬದಲಾದರೆ ಆಮೇಲೂ ಹೀಗೆ ಮುನಿಸಿಕೊಳ್ಳುತ್ತದೆ. ನಾವು ಮಾಡಬೇಕಾದ್ದು ಎರಡೇ. ಕೊಳೆತ ಎಲೆಯನ್ನು ಕತ್ತರಿಸಿ ತೆಗೀಬೇಕು, ಇಲ್ಲದಿದ್ದರೆ ಅಮೋನಿಯಾ ಏರಿ ಮೀನಿಗೆ ತೊಂದರೆ. ಬೇರನ್ನು ಮುಟ್ಟಬಾರದು. "ಬದುಕಿದೆಯಾ" ಅಂತ ದಿನಾ ಕಿತ್ತು ನೋಡೋ ಆಸೆ ಆಗುತ್ತೆ, ನನಗೂ ಆಯಿತು, ತಡೆದುಕೊಳ್ಳಿ.

ಇಪ್ಪತ್ಮೂರನೇ ದಿನ ಜಲ್ಲಿಯ ಸಂದಿಯಲ್ಲಿ ಬೆಂಕಿಕಡ್ಡಿ ತಲೆಯಷ್ಟು ಕೆಂಪಗೆ ಏನೋ ಕಂಡಿತು. ಮೊದಲು ಮೀನಿನ ಕಾಳು ಅಂದುಕೊಂಡೆ. ನಾಲ್ಕು ದಿನ ಕಳೆದ ಮೇಲೆ ಸುರುಳಿ ಬಿಚ್ಚಿತು, ಎಲೆ!

ನೆಡುವಾಗ ಕುಂಡದೊಳಗಿನ ಹತ್ತಿಯಂಥ ನಾರನ್ನು ಪೂರ್ತಿ ಬಿಡಿಸಿ, ಉದ್ದ ಬೇರನ್ನು ಎರಡಿಂಚಿಗೆ ಕತ್ತರಿಸಿದ್ದೆ. ಎಲೆ ಹುಟ್ಟುವ ಬುಡ ಜಲ್ಲಿಯ ಮೇಲೇ ಇರಲಿ, ಹೂತರೆ ಕೊಳೆಯುತ್ತದೆ. ಇದು ಹೆಚ್ಚಾಗಿ ಬೇರಿನಿಂದ ಊಟ ಮಾಡೋ ಗಿಡ. ಬರೀ ಜಲ್ಲಿ ಹಾಕಿರೋರು ಬುಡದ ಹತ್ತಿರ ಗೊಬ್ಬರದ ಮಾತ್ರೆ, ಅಂದರೆ ರೂಟ್ ಟ್ಯಾಬ್, ಒತ್ತಿಡಿ. ನಾನು ಮೂರು ತಿಂಗಳಿಗೊಂದು ಇಡುತ್ತೇನೆ. ನಮ್ಮದು ಬೋರ್‌ವೆಲ್ ನೀರು, ಗಾಜಿಗೆಲ್ಲ ಬಿಳಿ ಕಲೆ ಕಟ್ಟುವಷ್ಟು ಗಡಸು. ಗಿಡ ಅದಕ್ಕೆ ತಲೆಯೇ ಕೆಡಿಸಿಕೊಂಡಿಲ್ಲ.

ಕೊರತೆ ಇಲ್ಲ ಅಂತಲ್ಲ. ತುಂಬಾ ನಿಧಾನ. ನನ್ನ ಟ್ಯಾಂಕಲ್ಲಿ ಒಂದು ಎಲೆಗೆ ಹತ್ತು ಹನ್ನೆರಡು ದಿನ ಬೇಕು. ಅದಕ್ಕೇ ಹಳೇ ಎಲೆ ಅಂಚಿಗೆ ಪಾಚಿ ಹಿಡಿಯುತ್ತೆ, ಉಜ್ಜೋದು ದಂಡ, ಆ ಎಲೆ ಕತ್ತರಿಸೋದೇ ಸರಿ. ಬ್ರೌನ್ ಅಂತ ಹೆಸರಿದ್ದರೂ ಮಂದ ಬೆಳಕಲ್ಲಿ ಹಸಿರು ಮಿಶ್ರಿತ ಕಂದು ಅಷ್ಟೇ, ಅಂಗಡಿ ಫೋಟೋದ ಚಾಕೊಲೇಟ್ ಬಣ್ಣ ನಿರೀಕ್ಷಿಸಬೇಡಿ. ಅರ್ಧ ಸ್ಟಾರ್ ಕಳೆದದ್ದು ಬಸವನಹುಳುವಿಗೆ. ಎಲೆಯ ಅಡಿಯಲ್ಲಿ ಲೋಳೆಲೋಳೆ ಮೊಟ್ಟೆ ಅಂಟಿತ್ತು, ಸೋಮಾರಿತನದಿಂದ ನೋಡದೇ ನೆಟ್ಟೆ, ಈಗ ಗಾಜಿನ ತುಂಬ ಅವೇ.

ಇದರ ಬದಲು ಅನುಬಿಯಾಸ್ ಅನ್ನೋ ಇನ್ನೊಂದು ಟ್ಯಾಂಕ್ ಗಿಡ ತಗೊಳ್ಳಲಾ ಅಂತ ಕೇಳೋರಿಗೆ: ಅದೂ ಗಟ್ಟಿ ಗಿಡವೇ, ಆದರೆ ಅದನ್ನು ಕಲ್ಲಿಗೋ ಕಟ್ಟಿಗೆಗೋ ಕಟ್ಟಬೇಕು. ನೆಲದಿಂದ ಎದ್ದ ಪೊದೆ ಬೇಕಿದ್ದರೆ ಇದೇ.

ಈಗ ಬಲಮೂಲೆಯಲ್ಲಿ ಬೇರಿನಿಂದಲೇ ಮೂರು ಮರಿ ಎದ್ದಿವೆ. ಎದುರುಮನೆ ಹುಡುಗ "ಅಂಕಲ್, ಒಂದು ಕೊಡಿ, ಎರಡು ಗಪ್ಪಿ ಕೊಡ್ತೀನಿ" ಅಂತ ಕಾಯುತ್ತಿದ್ದಾನೆ. ಎಲೆ ಕರಗುತ್ತೆ ಕಣೋ ಅಂತ ಮೊದಲೇ ಹೇಳಿ ಕೊಡಬೇಕು, ಇಲ್ಲದಿದ್ದರೆ ವಾರದೊಳಗೆ ಗಪ್ಪಿ ವಾಪಸ್ ಕೇಳೋಕೆ ಬರ್ತಾನೆ.