ಪುಕ್ಕದ ಡುವೆಟ್ ಲಾಂಡ್ರಿಗೆ ಕೊಡೋ ಮುಂಚೆ ಇದನ್ನ ಓದಿ, ಬೆಳಗಾವಿಯವರೇ

ಬೆಳಗಾವಿಯಲ್ಲಿ ಯಾರ ಮನೆಯಲ್ಲಾದರೂ ಪುಕ್ಕ ತುಂಬಿದ ಡುವೆಟ್, ಅಂದರೆ ದಪ್ಪ ಹೊದಿಕೆ, ಇದ್ದರೆ ಮಳೆಗಾಲದಲ್ಲಿ ಅದನ್ನ ಲಾಂಡ್ರಿಗೆ ಕೊಡಬೇಡಿ. ಅದರಲ್ಲೂ "ಡ್ರಯರ್ ಐತ್ರಿ" ಅಂತ ಬಾಯಲ್ಲಿ ಹೇಳಿ, ಒಳಗೆ ಕರೆದು ತೋರಿಸದವರಿಗೆ ಕೊಡಲೇಬೇಡಿ. ನನ್ನ 950 ರೂಪಾಯಿ ಹೋಯಿತು, ಅದು ಹಾಳಾಗಲಿ. ಡುವೆಟ್ಟೇ ಹೋಯಿತು.

ನಮ್ಮದು ಬಾತುಕೋಳಿ ಪುಕ್ಕದ್ದು, ಡಬಲ್ ಸೈಜು. ತಮ್ಮ ಹೊರದೇಶದಿಂದ ಬರುವಾಗ ತಂದಿದ್ದು. ಮನೆಯ 7 ಕೆಜಿ ಮೆಷಿನ್‌ಗೆ ತುರುಕಿದರೆ ಡ್ರಮ್ಮೇ ತುಂಬಿಹೋಗುತ್ತೆ, ತಿರುಗೋಕೆ ಜಾಗವೇ ಇರೋದಿಲ್ಲ. ಹಾಗಾಗಿ ಲಾಂಡ್ರಿಗೆ ಒಯ್ದೆ. ಸುಮ್ನೆ ಕೊಟ್ಟು ಬರಲಿಲ್ಲ. ಅಂಚಿಗೆ ಹೊಲಿದ ಚೀಟಿಯ ಮೇಲೆ ಬೆರಳಿಟ್ಟು ಒಂದೊಂದೇ ತೋರಿಸಿದೆ. ನೀರಿನ ತೊಟ್ಟಿ ಚಿತ್ರದಲ್ಲಿ 40 ಅಂತಿದೆ, ಅದಕ್ಕಿಂತ ಬಿಸಿ ನೀರು ಬೇಡ. ವೃತ್ತದ ಮೇಲೆ ಕಾಟು ಇದೆ, ಡ್ರೈ ಕ್ಲೀನ್ ಬೇಡ. ಚೌಕದೊಳಗೆ ವೃತ್ತ, ಅದರಲ್ಲಿ ಒಂದೇ ಚುಕ್ಕಿ, ಡ್ರಯರ್‌ನಲ್ಲಿ ಕಡಿಮೆ ಬಿಸಿಗೆ ಒಣಗಿಸಬೇಕು.

"ಅಕ್ಕಾರ, ನಮಗೇನ್ ಹೇಳ್ತೀರಿ? ಹೋಟೆಲ್‌ನವರ ಮಾಲೆಲ್ಲಾ ನಮ್ಮ ಕಡೇನ ಬರತೈತಿ. ಡ್ರಯರ್ ಐತ್ರಿ, ಚಿಂತಿ ಬಿಡ್ರಿ" ಅಂದ ಮಾಲಕ. ರಸೀದಿಯಲ್ಲಿ "ಸ್ಪೆಷಲ್ ವಾಶ್" ಅಂತ ಬರೆದ. ದುಡ್ಡು ಪೂರ್ತಿ ಮುಂಗಡ.

ತರೋಕೆ ಹೋದಾಗ ನೋಡಿ ಆಟ. ಡುವೆಟ್ ದಪ್ಪ ಪ್ಲಾಸ್ಟಿಕ್‌ನಲ್ಲಿ, ನಾಲ್ಕೂ ಕಡೆ ಟೇಪ್ ಹೊಡೆದು, ಗಟ್ಟಿಯಾಗಿ ಮಡಚಿ ರೆಡಿ. ಮೊದಲು ರಿಜಿಸ್ಟರ್ ಮುಂದಿಟ್ಟರು, "ಇಲ್ಲೊಂದ್ ಸಹಿ ಹಾಕ್ರಿ". ಸಹಿ ಆದಮೇಲೆ ಪ್ಯಾಕೆಟ್ ಕೈಗೆ. ಬಿಚ್ಚಿ ನೋಡ್ತೀನಿ ಅಂದೆ. "ಮಳಿ ಐತಿ ಅಕ್ಕಾರ, ತಂಪು ಹತ್ತತೈತಿ, ಮನಿಗೆ ಹೋಗಿ ಬಿಚ್ರಿ." ಎಷ್ಟು ಕಾಳಜಿ ಅಲ್ವಾ! ಆ ಕಾಳಜಿ ಯಾಕೆ ಅಂತ ಮನೆಗೆ ಬಂದಮೇಲೆ ಗೊತ್ತಾಯಿತು.

ಟೇಪ್ ಕಿತ್ತ ಕೂಡಲೇ ತೊಯ್ದ ಕೋಳಿಗೂಡಿನ ವಾಸನೆ. ರೂಮಿನ ತುಂಬಾ. ಬಿಡಿಸಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಪುಕ್ಕ ಒಂದೇ ಕಡೆ ಸೇರಬಾರದು ಅಂತ ಡುವೆಟ್‌ಗೆ ಚೌಕ ಚೌಕವಾಗಿ ಹೊಲಿಗೆ ಹಾಕಿರ್ತಾರಲ್ಲ, ಒಂದೊಂದು ಚೌಕದಲ್ಲೂ ಪುಕ್ಕ ಗಂಟುಕಟ್ಟಿ ಒಂದು ಮೂಲೆಗೆ ಕೂತಿದೆ. ಉಳಿದ ಕಡೆ ಬರೀ ಬಟ್ಟೆ, ಆಚೆ ಬೆಳಕು ಕಾಣುತ್ತೆ. ಗಂಟು ಹಿಸುಕಿದರೆ ಒಳಗಿನ್ನೂ ತಂಪು. ಅಂದರೆ ಒಣಗೇ ಇಲ್ಲ. ಹಸಿಹಸಿಯಾಗೇ ಪ್ಲಾಸ್ಟಿಕ್‌ಗೆ ತುಂಬಿ ಟೇಪ್ ಹೊಡೆದಿದ್ದಾರೆ! ಇನ್ನೊಂದು ನೋಡಿ. ಬಿಳಿ ಡುವೆಟ್‌ನ ಹೊಲಿಗೆಗಳಲ್ಲಿ ಹಸಿರು, ಕೆಂಪು ನೂಲಿನ ಎಳೆಗಳು ಸಿಕ್ಕಿಕೊಂಡಿದ್ದವು. ಹಳೇ ಸೀರೆಯ ಎಳೆಗಳು. ನಮ್ಮ ಮನೆಯದಲ್ಲ.

ತಿರುಗಿ ಹೋದೆ. ಅಂಗಡಿ ತುಂಬಾ ಗಿರಾಕಿಗಳು. ಮಾಲಕ ಎಲ್ಲರ ಎದುರಿಗೇ ಶುರುಮಾಡಿದ.

"ಮಳಿಗಾಲದಾಗ ಸ್ವಲ್ಪ ವಾಸನಿ ಬರೋದರಿ."

ಡ್ರಯರ್ ಇದ್ದರೆ ಮಳೆಗಾಲ ಏನು ಮಾಡುತ್ತೆ ಅಂತ ಕೇಳಿದೆ.

"ನಿಮ್ಮ ಮಾಲೇ ಡೂಪ್ಲಿಕೇಟ್ ಇರಬೇಕ್ರಿ. ಒರಿಜಿನಲ್ ಇದ್ರ ಗಂಟಾಗೂದಿಲ್ಲ."

ಹಿಂದೆ ನಿಂತವರು ಯಾರೋ ನಕ್ಕರು. ಮುಖ ಎಲ್ಲಿಡೋದು ಗೊತ್ತಾಗಲಿಲ್ಲ. ನನ್ನ ಮಾಲು ಡೂಪ್ಲಿಕೇಟ್ ಅಂತೆ! ಹಂಗಾದರೆ ಡ್ರಯರ್ ತೋರಿಸಿ ಅಂದೆ. "ರಿಪೇರಿಗೆ ಹೋಗೈತ್ರಿ." ಅಷ್ಟರಲ್ಲಿ ಇಸ್ತ್ರಿ ಹೊಡೀತಿದ್ದ ಹುಡುಗ ಪಾಪ, ತಲೆಯೂ ಎತ್ತದೆ ಅಂದುಬಿಟ್ಟ: "ಕೌದಿ ಜೋಡಿ ನೆನೆ ಹಾಕಿದ್ವಲ್ರಿ ಅಣ್ಣಾರ, ಅದೇನ್ರಿ?" ಮಾಲಕ ಅವನನ್ನ ದುರುಗುಟ್ಟಿ ನೋಡಿದ ರೀತಿ ನೀವು ನೋಡಬೇಕಿತ್ತು. ವಾಷಿಂಗ್ ಸೋಡಾ ಹಾಕಿದ ನೀರಲ್ಲಿ, ಹಳೇ ಸೀರೆ ಹೊಲಿದು ಮಾಡೋ ಕೌದಿಗಳ ಜೊತೆ ನೆನೆಸಿ, ಕುಕ್ಕಿ, ಹಿಂಡಿ ಕೊಟ್ಟಿದ್ದಾರೆ. ಇದೇ ಸ್ಪೆಷಲ್ ವಾಶ್. 950 ರೂಪಾಯಿ.

ಕೊನೆಗೆ ಏನಂದ ಗೊತ್ತಾ? "ಸಹಿ ನಿಮ್ದ ಐತಲ್ರಿ." ರಸೀದಿ ಮಗುಚಿ ತೋರಿಸಿದ, "ಬಟ್ಟೆ ಹಾಳಾದರೆ ನಾವು ಜವಾಬ್ದಾರರಲ್ಲ". ಹಂಗೆ ಅಚ್ಚು ಹಾಕಿಸಿದರೆ ನಮ್ಮ ಹಕ್ಕು ಹೋಗಿಬಿಡುತ್ತಾ? ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, 2 ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕವೂ ಇಲ್ಲ. ಇದನ್ನ ಹೇಳಿದ್ದಕ್ಕೆ "ಹೋಗ್ರಿ ಹೋಗ್ರಿ" ಅಂದ.

ಕೌದಿ ಬೇರೆ, ಇದು ಬೇರೆ ರೀ. ಕೌದಿ ಎಷ್ಟು ಕುಕ್ಕಿದರೂ ತಡೆಯುತ್ತೆ. ಪುಕ್ಕದಲ್ಲಿ ಸಹಜವಾಗಿ ಸ್ವಲ್ಪ ಎಣ್ಣೆ ಅಂಶ ಇರುತ್ತೆ, ಸೋಡಾ ಅದನ್ನ ತೆಗೆದುಬಿಡುತ್ತೆ, ಪುಕ್ಕ ಒಣಕಲಾಗಿ ಪುಡಿಯಾಗುತ್ತೆ. ಉಣ್ಣೆ ಬಟ್ಟೆಗೆ ಬಳಸೋ ಮೆತ್ತನೆ ಲಿಕ್ವಿಡ್ ಸ್ವಲ್ಪವೇ ಸಾಕು. ಬಟ್ಟೆ ಮೃದು ಮಾಡೋ ಕಂಡೀಷನರ್ ಬೇಡ, ಪುಕ್ಕಕ್ಕೆ ಅಂಟಿಕೊಂಡು ಅದು ಉಬ್ಬೋದೇ ಇಲ್ಲ. ಹಿಂಡಬೇಡಿ, ಒತ್ತಿ ನೀರು ತೆಗೀರಿ. ಎತ್ತುವಾಗ ಕೆಳಗಿಂದ ಎರಡೂ ಕೈ ಕೊಡಿ, ನೀರಿನ ಭಾರಕ್ಕೆ ಒಳಗಿನ ಹೊಲಿಗೆ ಹರಿಯುತ್ತೆ. ಡ್ರಯರ್ ಇದ್ದವರು ಕಡಿಮೆ ಬಿಸಿಗೆ ಹಾಕಿ, ಜೊತೆಗೆ ಒಂದೆರಡು ತೊಳೆದ ಟೆನಿಸ್ ಚೆಂಡು ಬಿಡಿ, ಅವು ಬಡಿದು ಬಡಿದು ಗಂಟು ಒಡೆಯುತ್ತವೆ. ಡ್ರಯರ್ ಇಲ್ಲದವರು ಬೇಸಿಗೆವರೆಗೆ ಕಾಯಿರಿ. ವಿಜಯಪುರದಲ್ಲಾದರೆ ಆ ಬಿಸಿಲಿಗೆ ಏನು ಬೇಕಾದರೂ ಒಣಗುತ್ತೆ, ನಮ್ಮ ಬೆಳಗಾವಿಯ ಆಷಾಢದಲ್ಲಿ ಕರ್ಚೀಫೂ ಒಣಗೋದಿಲ್ಲ. ಬೇಸಿಗೆಯಲ್ಲೂ ಮಂಚದ ಮೇಲೆ ಹರಡಿ, ಆಗಾಗ ಕೊಡವಿ, ಗಂಟು ಕೈಯಲ್ಲಿ ಬಿಡಿಸ್ತಾ ಇರಬೇಕು. ಗಂಟು ಸಿಕ್ಕರೆ ಒಳಗೆ ಇನ್ನೂ ಹಸಿ ಅಂತಲೇ ತಿಳ್ಕೊಳ್ಳಿ. ಅದಕ್ಕಿಂತ ಒಂದು ಕವರ್ ಹಾಕಿ ಬರೀ ಕವರ್ ಒಗೀತಾ ಇರಿ, ಡುವೆಟ್ ಒಗೆಯೋ ಪ್ರಸಂಗವೇ ಅಪರೂಪಕ್ಕೆ ಬರುತ್ತೆ.

ಕೊಡಲೇಬೇಕು ಅಂದರೆ ಡ್ರಯರ್ ಕಣ್ಣಾರೆ ನೋಡಿ. ಚೀಟಿಯ ಫೋಟೋ, ಡುವೆಟ್‌ನ ಫೋಟೋ ತೆಗೆದಿಡಿ. ಪ್ಯಾಕೆಟ್ ಅಲ್ಲೇ ಹರಿದು, ಮೂಗು ಹಚ್ಚಿ ನೋಡಿ ಆಮೇಲೆ ಸಹಿ. ಮಳೆ ಬರಲಿ, ಸಿಡಿಲೇ ಬರಲಿ.

ನಾನು 1915ಕ್ಕೆ ದೂರು ಕೊಟ್ಟಿದ್ದೇನೆ. ಇವತ್ತು ಮಾಲಕನ ಫೋನ್ ಬಂದಿತ್ತು, "ಅಕ್ಕಾರ, ಅರ್ಧಾ ರೊಕ್ಕ ಕೊಡ್ತೀನಿ, ದೂರು ವಾಪಸ್ ತಗೋರಿ" ಅಂತ. 475 ರೂಪಾಯಿಗೆ! ತಗೊಳ್ಳೋದಿಲ್ಲ ಅಂದು ಇಟ್ಟೆ.