ಲಾಕ್ ಕ್ಯಾಲಿಪರ್, ಸಿ-ಬ್ರೇಸ್: ಬಾಗಿದ ಮೊಣಕಾಲನ್ನು ಹಿಡಿಯುವುದು ಯಾವುದು?

ಪೋಲಿಯೊದಿಂದ ತೊಡೆಯ ಮುಂಭಾಗದ ಸ್ನಾಯು ಸೋತವರ ಮೊಣಕಾಲು, ಭಾರ ಬಿದ್ದೊಡನೆ ಮಡಚಿಕೊಳ್ಳುತ್ತದೆ. ಕಾಲಿನ ಎರಡೂ ಪಕ್ಕ ಕಂಬಿಯಿರುವ ಲಾಕ್ ಕ್ಯಾಲಿಪರ್, ಕಂಪ್ಯೂಟರ್ ಪ್ರೊಸೆಸರ್ ಇರುವ ಸಿ-ಬ್ರೇಸ್, ಕಾಲಿಗೆ ಕಟ್ಟುವ ಈ ಎರಡೂ ಸಾಧನಗಳು ತಡೆಯುವುದು ಇದನ್ನೇ. ತಡೆಯುವ ರೀತಿಯಲ್ಲಿ ಮಾತ್ರ ಅಜಗಜಾಂತರ.

ಡ್ರಾಪ್ ಲಾಕ್ ಕ್ಯಾಲಿಪರ್ ಹಾಕಿ ಕಾಲು ನೇರ ಮಾಡಿ ನಿಂತರೆ, ಎರಡೂ ಪಕ್ಕದ ಉಂಗುರಗಳು ಕೀಲಿನ ಮೇಲೆ ಇಳಿದು ಕೂರುತ್ತವೆ. ಕೂರುವಾಗ ಎರಡನ್ನೂ ಮೇಲಕ್ಕೆಳೆಯಬೇಕು. ನಡೆಯುವಾಗ ಮೊಣಕಾಲು ಬಾಗುವುದೇ ಇಲ್ಲವಾದ್ದರಿಂದ ಸೊಂಟ ಎತ್ತಿ, ಇಲ್ಲವೇ ಕಾಲನ್ನು ಹೊರಕ್ಕೆ ಸುತ್ತಿಸಿ ಹೆಜ್ಜೆ ಹಾಕಬೇಕು. ವರ್ಷಗಟ್ಟಲೆ ಹೀಗೆ ನಡೆದರೆ ಸೊಂಟ, ಬೆನ್ನು, ಗಟ್ಟಿ ಕಾಲು (ಬಲವಿರುವ ಇನ್ನೊಂದು ಕಾಲು) ಎಲ್ಲಕ್ಕೂ ಏಟು. ಗಟ್ಟಿ ಕಾಲಿನ ಪಾದರಕ್ಷೆಗೆ ಸುಮಾರು 1 ಸೆಂ.ಮೀ. ಅಟ್ಟೆ ಏರಿಸಿದರೆ ಶ್ರಮ ತಗ್ಗುತ್ತದೆ. ಧೂಳು, ತುಕ್ಕು ಸೇರಿ ಒಂದು ಉಂಗುರ ಅರ್ಧಕ್ಕೇ ನಿಂತರೆ ಕಂಬಿ ತಿರುಚಿಕೊಂಡು ಬೀಳಿಸುತ್ತದೆ. ಎದ್ದ ಕೂಡಲೇ ಎರಡೂ ಕಡೆ ಬೆರಳಿಂದ ಮುಟ್ಟಿ ನೋಡಿ. ರಿವೆಟ್, ಬಕಲ್, ಚರ್ಮದ ಪಟ್ಟಿ ಹೋದರೆ ಚಪ್ಪಲಿ ರಿಪೇರಿ ಅಂಗಡಿಯಲ್ಲೇ ಸರಿಯಾಗುತ್ತದೆ, ಇದು ಸಣ್ಣ ಅನುಕೂಲವಲ್ಲ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಅರ್ಹರಿಗೆ ಕ್ಯಾಲಿಪರ್ ಉಚಿತವಾಗಿಯೂ ಸಿಗುತ್ತದೆ.

ಆಟೊಬಾಕ್ ಕಂಪನಿಯ ಸಿ-ಬ್ರೇಸ್‌ನಲ್ಲಿ ಕಾಲನ್ನು ಎತ್ತುವ ಮೋಟಾರ್ ಇಲ್ಲ. ಇದನ್ನು ಮೊದಲೇ ತಿಳಿದಿರಬೇಕು, ನಿರಾಸೆಗಳೆಲ್ಲ ಹುಟ್ಟುವುದು ಇಲ್ಲೇ. ಮೊಣಕಾಲಿನ ಕೋನ, ವೇಗಗಳನ್ನು ಸೆನ್ಸರ್‌ಗಳು ಅಳೆಯುತ್ತವೆ. ಅದಕ್ಕೆ ತಕ್ಕಂತೆ ಪ್ರೊಸೆಸರ್ ಹೈಡ್ರಾಲಿಕ್ ಕವಾಟವನ್ನು ಬಿಗಿ ಅಥವಾ ಸಡಿಲ ಮಾಡುತ್ತದೆ. ಹಾಗಾಗಿ ಭಾರ ಹೊತ್ತೇ ಮೊಣಕಾಲು ನಿಧಾನವಾಗಿ ಬಾಗಬಲ್ಲದು. ಮೆಟ್ಟಿಲಿಳಿಯುವಾಗ ಪಾದದ ಮುಂದಿನ ಅರ್ಧ ಅಂಚಿನಾಚೆ ಇರುವಂತೆ ಇಟ್ಟು, ಭಾರ ಹಾಕಿ, ಕೀಲು ಇಳಿಸುವವರೆಗೆ ಕಾಯಬೇಕು. ಕ್ಯಾಲಿಪರ್‌ಗೆ ಒಗ್ಗಿದವರು ಆ ಕ್ಷಣ ನಂಬದೆ ಸೊಂಟ ಬಿಗಿಹಿಡಿದು ಭಾರವನ್ನೇ ಹಾಕುವುದಿಲ್ಲ. ಫಿಸಿಯೊಥೆರಪಿಯ ಬಹುಪಾಲು ಈ ಅಂಜಿಕೆ ಬಿಡಿಸುವುದಕ್ಕೇ ಹೋಗುತ್ತದೆ. ಹತ್ತುವಾಗ ಮಾತ್ರ ಮೊದಲಿನಂತೆಯೇ ಗಟ್ಟಿ ಕಾಲು ಮುಂದೆ. ದಿನಾ ಚಾರ್ಜ್ ಮಾಡಬೇಕು, ಬೆಲೆ ಲಕ್ಷಗಳ ಲೆಕ್ಕ, ರಿಪೇರಿ ಊರಲ್ಲಿ ಆಗದು.

ನಮ್ಮ ಕಡೆಯ ಪ್ರಶ್ನೆ ಪಾದರಕ್ಷೆಯದು. ಬೂಟಿಗೇ ಬೆಸೆದ ಹಳೆಯ ಕ್ಯಾಲಿಪರ್ ಹಾಕಿದವರು ಬೂಟು ಬಿಟ್ಟು ದೇವಸ್ಥಾನದೊಳಗೆ ಹೋಗಲಾರರು. ಸಿ-ಬ್ರೇಸ್‌ನ ಪಾದದ ಭಾಗ ಶೂ ಒಳಗೆ ಕೂರುತ್ತದೆ, ಬಿಚ್ಚಬಹುದು. ಆದರೆ ಅದರ ಹೊಂದಾಣಿಕೆ ಆಗಿರುವುದು ಒಂದು ಹಿಮ್ಮಡಿ ಎತ್ತರಕ್ಕೆ. ಶೂ ತೆಗೆದರೆ ಮೊಣಕಾಲಿನ ಕೆಳಗಿನ ಭಾಗ ಹಿಂದಕ್ಕೆ ವಾಲಿ ಮೊಣಕಾಲು ಹಿಂದಕ್ಕೆ ತಳ್ಳಿದಂತಾಗುತ್ತದೆ. ಎತ್ತರದ ಹಿಮ್ಮಡಿ ಹಾಕಿದರೆ ಮುಂದಕ್ಕೆ. ಶೂ ಬದಲಿಸುವಾಗ ಹಿಮ್ಮಡಿ ಎತ್ತರ ಅಳೆದೇ ಕೊಳ್ಳಿ.

ಸೊಂಟದಿಂದ ಕಾಲನ್ನು ಮುಂದಕ್ಕೆ ತರುವ ಬಲವೇ ಇಲ್ಲದಿದ್ದರೆ, ಮೊಣಕಾಲು ನೇರವಾಗದೆ ತುಂಬಾ ಬಾಗಿಯೇ ಉಳಿದಿದ್ದರೆ ಸಿ-ಬ್ರೇಸ್ ಹೊಂದದು. ಗದ್ದೆ, ಕೆಸರಿನ ಕೆಲಸಕ್ಕೂ ಕ್ಯಾಲಿಪರ್ರೇ ಮೇಲು. ದಿನಾ ಇಳಿಜಾರು, ಮೆಟ್ಟಿಲು, ಜನಜಂಗುಳಿಯಲ್ಲಿ ಓಡಾಡುವವರು ಹಣ ಹೊಂದಿಸಬಹುದಾದರೆ ಸಿ-ಬ್ರೇಸ್ ತೆಗೆದುಕೊಳ್ಳಲಿ, ಹಳೆಯ ಕ್ಯಾಲಿಪರ್ ಮಾತ್ರ ಮನೆಯಲ್ಲಿರಲಿ. ಕೊಳ್ಳುವ ಮುಂಚೆ ಟ್ರಯಲ್ ಬ್ರೇಸ್ ಕೇಳಿ. ಸಮನೆಲದಲ್ಲಿ, ಕೈಯಲ್ಲಿ ಹಿಡಿದುಕೊಳ್ಳುವ ಕಂಬಿಗಳ ನಡುವೆ ನಡೆಸಿ ಮುಗಿಸಿದರೆ ಒಪ್ಪಬೇಡಿ. ರ‍್ಯಾಂಪ್ ಮತ್ತು ಮೆಟ್ಟಿಲು ಇಳಿದು ನೋಡಿ, ಬಿಚ್ಚಿದ ಅರ್ಧ ಗಂಟೆಯ ಮೇಲೂ ಚರ್ಮದ ಕೆಂಪು ಇಳಿಯದ ಜಾಗಗಳನ್ನು ಗುರುತು ಹಾಕಿಸಿ.