ಉದ್ರಿ ಲೆಕ್ಕದ ಆ್ಯಪ್: 90 ದಿನದ ಬೀಗ ಗಂಗಾವತಿಗೆ ಹೊಂದುವುದಿಲ್ಲ

ಗಂಗಾವತಿಯಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಉದ್ರಿ ಕೊಡದೆ ಈ ವ್ಯಾಪಾರ ನಡೆಯುವುದಿಲ್ಲ. ಖಾತೆ ಪುಸ್ತಕ ಬಿಟ್ಟು ಈ ಆ್ಯಪ್ ಹಿಡಿದು ಹಲವು ಸುಗ್ಗಿ ಕಳೆದಿವೆ. ಕನ್ನಡದಲ್ಲಿದೆ, ನೆಟ್‌ವರ್ಕ್ ಇಲ್ಲದಿದ್ದರೂ ಬರೆದುಕೊಳ್ಳಬಹುದು, ಹೆಸರು ಒತ್ತಿದರೆ ಬಾಕಿ ಕಾಣುತ್ತದೆ. ಅಲ್ಲಿವರೆಗೆ ತುಂಬಾ ಒಳ್ಳೆಯದು.

ಈಗ ಒಂದು ಬೀಗ ಹಾಕಿದ್ದಾರೆ. ದುಡ್ಡು ಕಟ್ಟದಿದ್ದರೆ 90 ದಿನಕ್ಕಿಂತ ಹಳೆಯ ವಿವರ ತೆರೆಯುವುದಿಲ್ಲ. ತಿಂಗಳ ಸಂಬಳದವರಿಗೆ ಕಿರಾಣಿ ಕೊಡುವ ಅಂಗಡಿಗೆ ಇಷ್ಟು ಸಾಕಾಗಬಹುದು. ನಮ್ಮಲ್ಲಿ ಲೆಕ್ಕ ಚುಕ್ತಾ ಆಗುವುದು ಭತ್ತ ಮಾರಿದ ಮೇಲೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಬೀಜ ಒಯ್ಯುತ್ತಾರೆ. ನಾಟಿಗೆ ಡಿಎಪಿ ಗೊಬ್ಬರ, ಆಮೇಲೆ ಯೂರಿಯಾ, ಹುಳಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ). ಸೋನಾ ಮಸೂರಿ ಕೊಯ್ಲಿಗೆ ಬರಲು ನಾಲ್ಕೂವರೆ, ಐದು ತಿಂಗಳು ಬೇಕು. ಎರಡನೇ ಬೆಳೆಗೆ ನೀರು ಸಿಗದಿದ್ದರೆ ಉಳಿದ ಬಾಕಿ ಮುಂದಿನ ಸುಗ್ಗಿಗೇ ಹೋಗುತ್ತದೆ.

ಹೋದ ಸುಗ್ಗಿಯಲ್ಲಿ ಒಬ್ಬ ರೈತರು ನೋಟಿನ ಕಟ್ಟು ಕೈಯಲ್ಲಿ ಹಿಡಿದೇ ಕೇಳಿದರು: “ಬಾಕಿ ಐತಿ, ಇಲ್ಲ ಅನ್ನಂಗಿಲ್ಲ. ನಾಟಿಗೆ ಎಷ್ಟು ಚೀಲ ಒಯ್ದೀನಿ ಅಂತ ತೋರಸ್ರೀ ಅಣ್ಣಾ.” ಮೊಬೈಲಿನಲ್ಲಿ ಒಟ್ಟು ಮೊತ್ತ ಇತ್ತು. ಚೀಲದ ಲೆಕ್ಕ ಇರಬೇಕಾದ ಸಾಲಿನಲ್ಲಿ ಬೀಗದ ಗುರುತು. ಅಲ್ಲೇ ಕೂತು ವರ್ಷದ ಚಂದಾ ಕಟ್ಟಿ ತೆರೆದೆ. ಅದು ಸರಿಯಲ್ಲ. ನಾನೇ ಬರೆದ ಲೆಕ್ಕ ಅದು, ಅವರಿಗೂ ನನಗೂ ನಡುವೆ ಇರುವ ನಂಬಿಕೆ ಅದರ ಮೇಲೇ ನಿಂತಿದೆ.

ದುಡ್ಡೇ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಬಾಕಿ ನೆನಪಿಸುವ ಎಸ್‌ಎಂಎಸ್‌ಗೆ ಕೇಳಲಿ. ಪ್ರತಿ ಮೆಸೇಜಿಗೂ ಕಂಪನಿ ಟೆಲಿಕಾಂನವರಿಗೆ ಕೊಡಲೇಬೇಕು. ಪ್ಲೇ ಸ್ಟೋರ್ ಮೂಲಕ ಕಟ್ಟಿದ ಚಂದಾದಲ್ಲಿ ಗೂಗಲ್‌ಗೂ ಪಾಲು ಹೋಗುತ್ತದೆ. ಅಂಗಡಿ ಹುಡುಗರ ಮೊಬೈಲಿನಲ್ಲೂ ಅದೇ ಖಾತೆ ತೆರೆಯುವುದು, ಜಿಎಸ್‌ಟಿ ವರದಿ, ಇವಕ್ಕೆಲ್ಲ ನಾನು ಖುಷಿಯಿಂದ ಕೊಡುತ್ತೇನೆ. ಬರೆಯುವುದು, ಓದುವುದು, ಪಿಡಿಎಫ್ ಇಳಿಸಿಕೊಳ್ಳುವುದು ಮಾತ್ರ ಯಾವತ್ತೂ ಪುಕ್ಕಟೆ ಇರಬೇಕು. ಹಳೆಯ ಸಾಲು ತೋರಿಸಲು ಅವರಿಗೆ ಅಂಥ ಖರ್ಚೇನೂ ಬರುವುದಿಲ್ಲ, ಅಲ್ವಾ?

ಸದ್ಯಕ್ಕೆ ಮೂರು ಸ್ಟಾರ್. ಹೊಸದಾಗಿ ಶುರು ಮಾಡುವವರು ತಿಂಗಳಿಗೊಮ್ಮೆ ಪ್ರತಿ ಖಾತೆಯ ಪಿಡಿಎಫ್ ಇಳಿಸಿ, ರೈತರ ವಾಟ್ಸಾಪ್‌ಗೂ ಕಳಿಸಿಬಿಡಿ. 90 ದಿನದೊಳಗಿನದ್ದಕ್ಕೆ ಇನ್ನೂ ದುಡ್ಡು ಕೇಳುತ್ತಿಲ್ಲ.